ಬರಕತ್ತಿನ ಅನ್ನ

ಪಾತೇಲಿಯಲ್ಲಿ ಅನ್ನ ಉಳಿದದ್ದು ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಒಂದು ಸೋಮವಾರ. ಎಲ್ಲರ ಊಟ ಮುಗಿದಿತ್ತು, ತೊಳೆಯಲೆಂದು ಪಾತೇಲಿ ಎತ್ತಿದರೆ ಭಾರ ಇತ್ತು. ಮುಚ್ಚಳ ತೆಗೆದು ನೋಡಿದೆ. ಒಬ್ಬರ ಹೊಟ್ಟೆ ತುಂಬುವಷ್ಟು ಅನ್ನ ತಳದಲ್ಲಿ ಕೂತಿತ್ತು. ನಾನು ಹಾಕಿದ್ದೇ ಎರಡು ಗ್ಲಾಸು ಅಕ್ಕಿ. ನಾಲ್ಕು ಜನರ ಮನೆಗೆ ಎರಡು ಗ್ಲಾಸು ಅಂದರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಸಾಲದು ಎಂದು ಜಗಳವಾಗಿದ್ದರೆ ನನಗೆ ಅರ್ಥವಾಗುತ್ತಿತ್ತು. ಉಳಿಯುವುದು ಹೇಗೆ?

ಸಿಟ್ಟು ಬಂತು. ನನಗೆ ತಿಳಿಯದ್ದು ಏನಾದರೂ ಎದುರಿಗೆ ಬಂದರೆ ಮೊದಲು ಬರುವುದು ಸಿಟ್ಟೇ. ಹುಟ್ಟುಗುಣ ಸುಟ್ಟರೂ ಹೋಗದು.

"ಯಾರು ಉಂಡಿಲ್ಲ?" ಎಂದು ಕೂಗಿದೆ.

ಕೂಗುವ ಅಗತ್ಯವೇನೂ ಇರಲಿಲ್ಲ. ಗೋವಾದ ವೆರ್ಣಾದಲ್ಲಿ ಫ್ಯಾಕ್ಟರಿಗಳ ಬೆನ್ನಿಗಿರುವ ಚಾಳಿನಲ್ಲಿ ನಮ್ಮದು ಒಂದೇ ಕೋಣೆ. ಒಲೆ, ಹಾಸಿಗೆ, ಮಗಳ ಪಾಟಿಚೀಲ, ಅತ್ತೆಯ ಔಷಧಿ ಡಬ್ಬಿ ಎಲ್ಲ ಅದರಲ್ಲೇ. ಮೂವರೂ ಕೈಗೆ ಸಿಗುವಷ್ಟು ಹತ್ತಿರ ಕೂತಿದ್ದರು.

"ನಾ ನಿನ್ನ ಕಣ್ಣ ಮುಂದ ಉಂಡೇನಲ್ಲ" ಅಂದರು ನಮ್ಮವರು, ಲಾಡಸಾಬ. "ಇವತ್ತ ಕೆಲಸಕ್ಕ ಕರದಾಂವ ಮಧ್ಯಾಹ್ನ ಊಟಾನೂ ಕೊಟ್ಟಿದ್ದ. ಹೊಟ್ಟಿ ತುಂಬೇ ಐತಿ."

"ಸಾಲ್ಯಾಗ ಪಾವ್ ಭಾಜಿ ಎರಡ ಸಲ ಹಾಕಿದ್ರು ಅಮ್ಮೀ" ಅಂದಳು ಸುಲ್ತಾನಾ. ನನ್ನ ಮಗಳು, ಒಬ್ಬಳೇ. ಆಗ ಅವಳಿಗೆ ಹತ್ತು ವರ್ಷ.

ಅತ್ತೆ ಜೈನಬ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ನನಗ ಹೊಟ್ಟಿ ಉಬ್ಬರಿಸೈತಿ. ನಿನ್ನ ಅನ್ನಾ ಕಲ್ಲ ಇದ್ದಂಗ ಇತ್ತು" ಎಂದಳು.

ಹಾಗಾದರೆ ಮೂವರದೂ ಊಟ ಆಗಿತ್ತು. ನನ್ನದೂ ಆಗಿತ್ತು, ನಾಲ್ಕು ತುತ್ತು. ಅನ್ನ ಮಾತ್ರ ಉಳಿದಿತ್ತು.

ನನ್ನ ನಾಲ್ಕು ತುತ್ತಿನ ಕಥೆ ಮೊದಲು ಹೇಳಿಬಿಡುತ್ತೇನೆ. ನಮ್ಮವರು ಫ್ಯಾಕ್ಟರಿಯೊಂದರಲ್ಲಿ ಪೆಟ್ಟಿಗೆ ಹೊರುವ ಕಾಂಟ್ರ್ಯಾಕ್ಟ್ ಕೆಲಸಕ್ಕೆ ಇದ್ದವರು. ಆರು ತಿಂಗಳಿಗೊಮ್ಮೆ ಕಾಂಟ್ರ್ಯಾಕ್ಟರ್ 'ಬ್ರೇಕ್' ಕೊಡುತ್ತಾನೆ. ಅಂದರೆ ಹದಿನೈದು ದಿನ ಮನೆಯಲ್ಲಿ ಕೂಡ್ರಿಸಿ ಮತ್ತೆ ಹೊಸಬರ ಹಾಗೆ ಕರೆಯುವುದು. ಈ ಸಲದ ಹದಿನೈದು ದಿನ ಒಂದೂವರೆ ತಿಂಗಳಾಗಿತ್ತು. ಕಂಪನಿಯ ಬಸ್ಸು ದಿನಾ ಬೆಳಿಗ್ಗೆ ಚಾಳಿನ ಮುಂದೆ ನಿಂತು ಬೇರೆಯವರನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ನಮ್ಮವರು ಅದೇ ಹೊತ್ತಿಗೆ ಎದ್ದು ನಾಕಾದಲ್ಲಿ ಹೋಗಿ ನಿಲ್ಲುತ್ತಿದ್ದರು, ಯಾರಾದರೂ ಕೂಲಿಗೆ ಕರೆಯಲಿ ಎಂದು. ಗೋವಾದ ಮಳೆಗಾಲದಲ್ಲಿ ಮನೆ ಕಟ್ಟಿಸುವ ಹುಚ್ಚ ಯಾರಿದ್ದಾನೆ? ವಾರಕ್ಕೆ ಎರಡು ದಿನ ಕೆಲಸ ಸಿಕ್ಕರೆ ಪುಣ್ಯ. ರೇಷನ್ ಕಾರ್ಡಿನಲ್ಲಿ ನಮ್ಮ ಹೆಸರು ಊರಲ್ಲಿರುವ ದೊಡ್ಡ ಭಾವನವರ ಜೊತೆಗಿದೆ, ಅಲ್ಲಿಯ ಅಕ್ಕಿ ಅಲ್ಲಿಯ ಒಲೆಗೆ. ಜೋಳದ ಹಿಟ್ಟಿನ ಡಬ್ಬಿ ಬರಿದಾಗಿ ರೊಟ್ಟಿ ಬಡಿಯುವ ಸಪ್ಪಳವೇ ನಮ್ಮ ಕೋಣೆ ಬಿಟ್ಟು ಹೋಗಿತ್ತು.

ಆಗ ನನಗೆ ರೋಜಾದ ಉಪಾಯ ಹೊಳೆಯಿತು. ರಮಜಾನಿನಲ್ಲಿ ಮುಟ್ಟಾದ ದಿನಗಳಲ್ಲಿ ಹೆಂಗಸರಿಗೆ ರೋಜಾ ಇಲ್ಲ. ಬಿಟ್ಟಷ್ಟು ದಿನವನ್ನು ಆಮೇಲೆ ಹಿಡಿದು ತೀರಿಸಬೇಕು, ಅದಕ್ಕೆ ಕಜಾ ಅನ್ನುತ್ತೇವೆ. ಎಷ್ಟು ಬಿಟ್ಟಿದ್ದೆ ಎಂದು ಯಾವ ಗಂಡಸೂ ಕೇಳುವುದಿಲ್ಲ, ಕೇಳಿದರೆ ಅವನಿಗೇ ನಾಚಿಕೆ. "ಕಜಾ ಹಿಡದೇನಿ" ಅಂದರೆ ಸಾಕು, ಬೆಳಗಿನದೂ ಮಧ್ಯಾಹ್ನದ್ದೂ ಉಳಿಯುತ್ತದೆ, ಯಾರಿಗೂ ಕೆಡುಕೆನಿಸುವುದಿಲ್ಲ. ಸುಳ್ಳಲ್ಲ, ನಿಜವಾಗಿಯೂ ನೀರು ಸಹ ಮುಟ್ಟುತ್ತಿರಲಿಲ್ಲ. ಆದರೆ ನಿಯತ್ತು, ಅಂದರೆ ಮನಸ್ಸಿನ ಸಂಕಲ್ಪ, ರೋಜಾದ್ದಲ್ಲ, ಅಕ್ಕಿಯದ್ದು. ಇಂಥದ್ದನ್ನು ಮೇಲಿರುವವನು ರೋಜಾ ಎಂದು ಒಪ್ಪುತ್ತಾನೋ, ಕಳ್ಳತನ ಎನ್ನುತ್ತಾನೋ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಸಂಜೆ ಮಸೀದಿಯ ಬಾಂಗು ಕೇಳಿದ ಮೇಲೆ ಬೆಲ್ಲದ ಚೂರೊಂದು ಬಾಯಿಗಿಟ್ಟು ನೀರು ಕುಡಿದು, ಎಲ್ಲರೂ ಉಂಡಾದ ಮೇಲೆ ನಾಲ್ಕು ತುತ್ತು ತಿನ್ನುತ್ತಿದ್ದೆ. ಉಳಿದದ್ದನ್ನು ನೀನೇ ತಿನ್ನಬಾರದಿತ್ತೇ ಎಂದು ಕೇಳುವವರು ಅಕ್ಕಿ ಡಬ್ಬಿಯ ತಳವನ್ನು ಕೈಯಿಂದ ಸವರಿ ನೋಡಿದವರಲ್ಲ. ಉಳಿದ ಅನ್ನ ಅಂದರೆ ನಾಳಿನ ಅನ್ನ.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಹಿಂದಿನ ದಿನ, ಭಾನುವಾರ, ಮೈದುನ ಬಾಬುಸಾಬನ ಫೋನು ಬಂದಿತ್ತು. ಅವನು ಸಾವರ್ಡೆಯಲ್ಲಿ ಟ್ರಕ್ಕು ಓಡಿಸುತ್ತಾನೆ, ಹೆಂಡತಿ ಜಾಸ್ಮೀನ ಮತ್ತು ಕೈಗೂಸಿನ ಜೊತೆ ಅಲ್ಲೇ ಇದ್ದಾನೆ. ನಮ್ಮವರ ಫೋನನ್ನು ಕಿವಿಗೆ ಹಿಡಿದರೆ ಏನೂ ಕೇಳಿಸುವುದಿಲ್ಲ, ಸ್ಪೀಕರಿಗೇ ಹಾಕಬೇಕು. ಹೀಗಾಗಿ ನಮ್ಮ ಮನೆಯ ಗುಟ್ಟು ಅರ್ಧ ಚಾಳಿಗೆ ಗೊತ್ತು.

"ಅಣ್ಣಾ, ಸುಲ್ತಾನಾನ್ನ ನಮ್ಮ ಕಡೆ ಕಳಸು" ಅಂದ ಬಾಬುಸಾಬ. "ಕೂಸ ಸಣ್ಣದೈತಿ, ಜಾಸ್ಮೀನಗೂ ಒಂದ ಕೈ ಆಸರ ಆಕ್ಕೈತಿ. ಸಾಲಿಗೆ ಇಲ್ಲೇ ಹಾಕಸ್ತೇನಿ. ನಿಮಗೂ ಒಂದ ಬಾಯಿ ಕಡಿಮಿ ಆಕ್ಕೈತಿ. ಶುಕ್ರವಾರ ನಮಾಜ ಮುಗಿಸಿ ಬರ್ತೇನಿ, ಕರ್ಕೊಂಡ ಹೊಕ್ಕೇನಿ."

ಬಾಬುಸಾಬ ಕೆಟ್ಟವನಲ್ಲ. ಅದೇ ನನಗೆ ತಾಪತ್ರಯ. ಕೆಟ್ಟವನಾಗಿದ್ದರೆ ಫೋನಿನಲ್ಲೇ ನಾಲ್ಕು ಮಾತು ಬೈದು ಮುಗಿಸುತ್ತಿದ್ದೆ. ನನ್ನನ್ನೂ ಹೀಗೇ ಹತ್ತು ವರ್ಷದವಳಿದ್ದಾಗ ಹುಬ್ಬಳ್ಳಿಯ ಮಾಮಾನ ಮನೆಗೆ ಕಳಿಸಿದ್ದರು, ಮಳೆಗಾಲ ಮುಗಿಯುವ ತನಕ ಎಂದು. ಅಲ್ಲಿಂದ ನಾನು ಹೊರಬಿದ್ದದ್ದು ಮದುವೆಯಾಗಿ. ಮಾಮಾ ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ಆದರೆ ಎರಡನೇ ಸಲ ಅನ್ನ ಕೇಳಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ, ನನ್ನ ಒಲೆಯ ಮುಂದೆ ಕೂತಾಗಲೂ. ಅವ್ವ-ಅಪ್ಪ ಆಮೇಲೆ ಬಂದು ನೋಡಿಕೊಂಡು ಹೋಗುತ್ತಿದ್ದರು. ನನಗೆ ಅವರು ಬಂದ ನೆಂಟರ ಹಾಗೆ ಕಾಣುತ್ತಿದ್ದರು. ನನ್ನ ಸುಲ್ತಾನಾ ನನ್ನನ್ನು ಹಾಗೆ ನೋಡಬಾರದು. ನನಗೆ ಬೇಕಾದದ್ದು ಅದೊಂದೇ.

"ಬೇಕಂದ್ರ ಅತ್ತೀನ್ನ ಕರ್ಕೊಂಡ ಹೋಗ್ಲಿ" ಅಂದೆ ಫೋನು ಇಟ್ಟ ಮೇಲೆ. ಅತ್ತೆ ಅಲ್ಲೇ ಕೂತಿದ್ದಳು. ಒಂದು ಮಾತಿಗೆ ಹತ್ತು ಮಾತು ತಿರುಗಿಸುವವಳು ಅವತ್ತು ಬಾಯಿ ಬಿಡಲಿಲ್ಲ. ಸುಲ್ತಾನಾ ಪುಸ್ತಕದ ಒಂದೇ ಪುಟ ನೋಡುತ್ತ ಕೂತಿದ್ದಳು.

"ಮನ್ಯಾಗ ಉಣ್ಣಾಕ ಇದ್ರ ನಾ ಯಾಕ ಕಳಸ್ಲಿ?" ಅಂದರು ನಮ್ಮವರು. "ಇಲ್ಲಂದ್ರ ಏನ ಮಾಡ್ಲಿ? ನೀನ ಹೇಳು."

ಮರುದಿನ ಪಾತೇಲಿಯಲ್ಲಿ ಅನ್ನ ಉಳಿಯಿತು.

ಮಂಗಳವಾರ ಉಳಿದ ಅನ್ನಕ್ಕೆ ಉಳ್ಳಾಗಡ್ಡಿ, ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟು ಬೆಳಿಗ್ಗೆ ಮೂವರಿಗೂ ಹಂಚಿಕೊಟ್ಟೆ. ಹೇಗೂ ಉಳಿಯುತ್ತದೆ ಎಂದು ಸಂಜೆ ಅರ್ಧ ಗ್ಲಾಸು ಕಡಿಮೆಯೇ ಹಾಕಿದೆ. ಒಂದೂವರೆ ಗ್ಲಾಸು. ಎಲ್ಲರೂ ಉಂಡರು. ಮತ್ತೆ ಉಳಿಯಿತು.

ಬುಧವಾರ ಒಂದೇ ಗ್ಲಾಸು ಹಾಕಿದೆ. ಏನಾಗುತ್ತದೋ ನೋಡೇಬಿಡೋಣ ಎಂಬ ಹಟ. ನಮ್ಮವರು ಎರಡು ತುತ್ತು ತಿಂದು, "ಇವತ್ತೂ ಹೊರಗ ಉಂಡೇನಿ" ಎಂದು ಎದ್ದರು. ಸುಲ್ತಾನಾ ತಾಟಿನಲ್ಲಿ ಅನ್ನವನ್ನು ಅತ್ತಿಂದಿತ್ತ ಸರಿಸಿ, ಅರ್ಧ ಪಾತೇಲಿಗೇ ವಾಪಸ್ಸು ಹಾಕಿದಳು. ಅತ್ತೆ ಎಂದಿನ ಹಾಗೆ ಅನ್ನದ ಮೇಲೆ ನನ್ನ ತಪ್ಪು ಹೇಳಿ ಮಲಗಿದಳು. ಮುಚ್ಚಳ ತೆಗೆದರೆ ಅನ್ನ ಇತ್ತು.

ಆ ದಿನಗಳಲ್ಲಿ ಬೇರೆ ಕೆಲವು ವಿಚಿತ್ರಗಳನ್ನೂ ಕಂಡೆ. ನಮ್ಮವರು ಬಂದ ಕೂಡಲೇ ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದರು. ಅತ್ತೆ ಸೀರೆಯ ಸೆರಗನ್ನು ಹೊಟ್ಟೆಗೆ ಬಿಗಿಯಾಗಿ ಸುತ್ತಿ ಕಟ್ಟಿಕೊಳ್ಳುತ್ತಿದ್ದಳು. ನಳದಿಂದ ಒಂದು ಕೊಡ ತರಲು ಸುಲ್ತಾನಾ ಮೂರು ಕಡೆ ಇಳಿಸಿ ನಿಲ್ಲುತ್ತಿದ್ದಳು. ಒಬ್ಬರಿಗೆ ಬಿಸಿಲ ಝಳ ಅಂದುಕೊಂಡೆ, ಮಳೆಗಾಲದಲ್ಲಿ! ಒಬ್ಬಳಿಗೆ ವಾಯು, ಒಬ್ಬಳಿಗೆ ಸೋಮಾರಿತನ. ನನ್ನ ತಲೆ ಆಗ ಯಾವ ಲೆಕ್ಕದಲ್ಲಿ ಓಡುತ್ತಿತ್ತೋ ನನಗೇ ಗೊತ್ತಿಲ್ಲ. ನಾನೂ ಹಸಿದಿದ್ದೆ, ಹಸಿದವರ ತಲೆ ಸರಿಯಾಗಿ ಓಡುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುವಷ್ಟೂ ಸರಿಯಿರಲಿಲ್ಲ.

ಮೊದಲು ಅನುಮಾನ ಬಂದದ್ದು ಅತ್ತೆಯ ಮೇಲೆ. ನಮ್ಮ ಪಕ್ಕದ ಕೋಣೆ ಹೇಮಿಬಾಯಿಯದು. ತಾಂಡಾದವಳು, ಕೋಲ್ವಾ ಬೀಚಿನಲ್ಲಿ ಮಣಿಸರ, ಕಸೂತಿ ಚೀಲ ಮಾರುತ್ತಾಳೆ. ಮಳೆಗಾಲದಲ್ಲಿ ಬೀಚಿಗೆ ನಾಯಿಯೂ ಬರುವುದಿಲ್ಲ, ಹೀಗಾಗಿ ಕೋಣೆಯಲ್ಲೇ ಕೂತು ಮುಂದಿನ ಸೀಜನ್ನಿಗೆ ಮಣಿ ಪೋಣಿಸುತ್ತಿದ್ದಳು. ಅತ್ತೆ ಮಧ್ಯಾಹ್ನವೆಲ್ಲ ಅವಳ ಬಾಗಿಲಲ್ಲೇ ಇರುತ್ತಿದ್ದಳು. ಅಲ್ಲಿ ಉಂಡು ಬಂದು ಇಲ್ಲಿ ನನ್ನ ಅನ್ನಕ್ಕೆ ಹೆಸರಿಡುತ್ತಾಳೆ, ನೆರೆಮನೆಯಲ್ಲಿ ನಮ್ಮ ಮಾನ ಹರಾಜು ಹಾಕುತ್ತಾಳೆ ಎಂದು ನನ್ನ ಮೈಯೆಲ್ಲ ಉರಿಯಿತು. ಬುಧವಾರ ಊಟವಾದ ಕೂಡಲೇ ನೇರವಾಗಿ ಹೋಗಿ ಕೇಳಿಯೇಬಿಟ್ಟೆ.

"ಹೇಮಿಬಾಯಿ, ನಮ್ಮ ಅತ್ತಿಗೆ ನೀ ಏನ ಉಣ್ಣಾಕ ಕೊಡಾಕತ್ತೀದಿ?"

ಹೇಮಿಬಾಯಿ ನಕ್ಕಳು. "ನಾ ಒಲಿ ಹಚ್ಚಿ ಎರಡ ದಿನ ಆತ ಜುಲೇಖಾ. ಚಾದಾಗ ಪಾವ್ ಅದ್ದಿಕೊಂಡ ತಿಂದ ಮಕ್ಕೋತೇನಿ. ನಿಮ್ಮ ಅತ್ತಿಗೆ ಕೊಟ್ಟಿದ್ದು ಚಾ ಒಂದ."

ನನಗೆ ನಾಚಿಕೆಯೂ ಆಯಿತು, ಗೊಂದಲ ಇನ್ನಷ್ಟು ಹೆಚ್ಚಿತು. ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಎರಡು ಗ್ಲಾಸು, ಒಂದೂವರೆ, ಒಂದು, ಎಷ್ಟು ಕಡಿಮೆ ಹಾಕಿದರೂ ಉಳಿಯುವುದು. ಹೇಳುತ್ತ ಹೇಳುತ್ತ ನನ್ನ ಬಾಯಿಂದಲೇ ಆ ಮಾತು ಬಂತು. "ಬರಕತ್ತ ಐತಿ ನೋಡ ಹೇಮಿಬಾಯಿ. ನಮ್ಮ ಪಾತೇಲ್ಯಾಗ ಬರಕತ್ತ ಬಂದೈತಿ."

ಬರಕತ್ತು ಅಂದರೆ ದೇವರು ಕೈಯಿಟ್ಟದ್ದು. ಸ್ವಲ್ಪದಲ್ಲೇ ಎಲ್ಲರಿಗೂ ಸಾಕಾಗಿ ಮಿಕ್ಕುವುದು. ಒಂದು ಕುರಿಯಲ್ಲಿ ಇಡೀ ದಂಡಿಗೆ ಊಟವಾದ ಕಥೆಗಳನ್ನು ಕೇಳುತ್ತಲೇ ಬೆಳೆದವಳು ನಾನು. ದಂಡಿಗೆ ಆಗುವುದಾದರೆ ನಾಲ್ಕು ಜನರಿಗೆ ಆಗಬಾರದೇ? ನನ್ನ ರೋಜಾ ಅಷ್ಟೇನೂ ಸುಳ್ಳಲ್ಲ, ಮೇಲಿರುವವನು ಒಪ್ಪಿಕೊಂಡಿದ್ದಾನೆ ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಹೇಮಿಬಾಯಿ ಸೂಜಿಗೆ ಮಣಿ ಏರಿಸುತ್ತಲೇ, "ನಮ್ಮ ಮನ್ಯಾಗ ಅನ್ನಾ ಉಳೀತಂದ್ರ ಯಾರೋ ಉಪಾಸ ಅದಾರ ಅಂತ ಅರ್ಥ. ನಿಮ್ಮದು ಬ್ಯಾರೆ ಇರಬಹುದವ್ವಾ" ಅಂದಳು.

ಈ ಮಾತು ನನಗೆ ಕೇಳಿಸಿತು. ಕೇಳಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ನನಗೆ ಆಗ ಬೇಕಾಗಿದ್ದದ್ದು ಬರಕತ್ತು. ಹೊಟ್ಟೆಕಿಚ್ಚಿನವಳು ಎಂದು ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ಅದೇ ರಾತ್ರಿ ನಮ್ಮವರ ಮುಂದೆ ಪಾತೇಲಿ ಇಟ್ಟು ಮುಚ್ಚಳ ತೆಗೆದೆ. "ನೋಡ್ರಿ. ಒಂದ ಗ್ಲಾಸ ಹಾಕೇನಿ. ಉಳದೈತಿ. ಮೂರ ದಿನಾತು ಹಿಂಗ ಉಳ್ಯಾಕತ್ತು. ಇಂಥಾ ಮನಿಯಿಂದ ಮಗಳ್ನ ಹೊರಗ ಹಾಕ್ತೀರೇನ?"

ಅವರು ಅನ್ನವನ್ನು ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಅನ್ನವನ್ನು ನೋಡಿದರು. ಅವರ ಮುಖದಲ್ಲೂ ನನ್ನ ಹಾಗೇ ದಿಕ್ಕು ತಪ್ಪಿದವರ ಕಳೆ ಇತ್ತು. "ಖರೇನ? ಎಲ್ಲಾರೂ ಉಂಡ ಮ್ಯಾಲ ಉಳದದ್ದ ಇದು?"

"ನಿಮ್ಮ ಮುಂದ ಉಂಡಾರಲ್ರಿ."

"ಹಂಗಾರ..." ಅಂದು ಮುಚ್ಚಳವನ್ನು ಪಾತೇಲಿಗೆ ಹಾಕಿದರು. "ಹಂಗಾರ ಶುಕ್ರವಾರ ಬಾಬುಸಾಬ ಬರ್ಲಿ. ಅವನ ಮುಂದನೂ ಹಿಂಗ ಎಲ್ಲಾರೂ ಉಂಡ ಉಳದ್ರ ನಾನ ಹೇಳ್ತೇನಿ, ಹುಡುಗೀನ್ನ ಕಳಸೂದಿಲ್ಲ ಅಂತ."

ಸುಲ್ತಾನಾ ಮಲಗಿದ್ದಳು, ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು. ನಿದ್ದೆ ಬಂದಿರಲಿಲ್ಲ ಎಂದು ಉಸಿರಿನಿಂದಲೇ ಗೊತ್ತಾಗುತ್ತಿತ್ತು.

ಗುರುವಾರ ಮಧ್ಯಾಹ್ನ ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ಅವಳಿಗೆ ಬೆಳಗಿನ ಅನ್ನ ತಾಟಿಗೆ ಹಾಕಿಕೊಟ್ಟರೆ ಬೆರಳು ಅದ್ದಿ ಪಕ್ಕಕ್ಕೆ ಸರಿಸಿದಳು. ನನ್ನ ತಾಳ್ಮೆ ಹರಿಯಿತು.

"ಅತ್ತೀ, ನನ್ನ ಮ್ಯಾಲ ಸಿಟ್ಟಿದ್ರ ಬೈರಿ, ಹೊಡೀರಿ. ಅನ್ನದ ಮ್ಯಾಲ ಯಾಕ ತೋರಸ್ತೀರಿ? ನಿಮ್ಮನ್ನ ಕಳಸ್ರಿ ಅಂದೆ ಅಂತ ಹಿಂಗ ಮಾಡಾಕತ್ತೀರೇನ?"

ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದಳು. ಅವಳ ಕಣ್ಣು ಹಳ್ಳಕ್ಕೆ ಇಳಿದಿದ್ದನ್ನು ನಾನು ಆಗ ನೋಡಿದೆ. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

"ನಿನ್ನ ರೋಜಾ ಇವತ್ತ ಎಷ್ಟನೇದ?" ಎಂದು ಕೇಳಿದಳು.

ಗಂಡಸರು ಕೇಳುವುದಿಲ್ಲ, ಆದರೆ ಒಂದೇ ಕೋಣೆಯ ಮನೆಯಲ್ಲಿ ಅತ್ತೆಗೆ ಗೊತ್ತಿಲ್ಲದ ಯಾವ ದಿನ ಇರುತ್ತದೆ? ರಮಜಾನಿನಲ್ಲಿ ನಾನು ಎಷ್ಟು ದಿನ ಬಿಟ್ಟಿದ್ದೆ ಎಂದು ಅವಳು ಬೆರಳೆಣಿಸಿ ಹೇಳಬಲ್ಲಳು. ಅದು ನನಗೆ ಅಷ್ಟು ದಿನ ಹೊಳೆದೇ ಇರಲಿಲ್ಲ.

"ಇನ್ನೊಂದೆರಡ ಉಳದಾವು" ಅಂದೆ, ಒಲೆಯ ಕಡೆ ತಿರುಗಿ.

"ಹೂಂ" ಅಂದಳು ಅತ್ತೆ. ಅಷ್ಟೇ. ಮಗನಿಗೆ ಹೇಳುತ್ತಾಳೋ ಎಂದು ಸಂಜೆಯವರೆಗೆ ಅವಳ ಬಾಯನ್ನೇ ಕಾಯುತ್ತಿದ್ದೆ. ಹೇಳಲಿಲ್ಲ. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಯೋಚಿಸಿದೆ, ಗೊತ್ತಿಲ್ಲವೇನೋ ಎಂದೂ ಯೋಚಿಸಿದೆ. ಈ ಮುದುಕಿ ನನ್ನ ಕಡೆಯೋ, ನನ್ನ ವೈರಿಯೋ ಎಂಬುದು ಹನ್ನೆರಡು ವರ್ಷದಲ್ಲಿ ಮೊದಲ ಸಲ ನನಗೆ ತಿಳಿಯದೇ ಹೋಯಿತು.

ಶುಕ್ರವಾರ ಬಂತು. ಡಬ್ಬಿಯಲ್ಲಿದ್ದ ಅಕ್ಕಿಯನ್ನೆಲ್ಲ ಮೊರಕ್ಕೆ ಸುರಿದೆ. ನಾಲ್ಕು ಗ್ಲಾಸು ಆಯಿತು. ಬುದ್ಧಿ ಇದ್ದವಳು ಎರಡು ಇಟ್ಟುಕೊಳ್ಳುತ್ತಿದ್ದಳು. ನಾನು ನಾಲ್ಕನ್ನೂ ಹಾಕಿದೆ. ಒಂದರಲ್ಲಿ ಉಳಿಯುವುದಾದರೆ ನಾಲ್ಕರಲ್ಲಿ ಎಷ್ಟು ಉಳಿಯಬೇಡ? ಬಾಬುಸಾಬ ಕಣ್ಣಾರೆ ನೋಡಬೇಕು, ತೇಗಬೇಕು, ಒಬ್ಬನೇ ಸಾವರ್ಡೆಗೆ ವಾಪಸ್ಸು ಹೋಗಬೇಕು. ಒಣಮೆಣಸಿನಕಾಯಿ, ಹುಣಸೆಹಣ್ಣು ಹಾಕಿ ತೆಳ್ಳಗೆ ಸಾರು ಮಾಡಿದೆ. ಅನ್ನ ಕುದಿಯುವ ವಾಸನೆ ಕೋಣೆ ತುಂಬಿದಾಗ ಶಾಲೆಯಿಂದ ಬಂದ ಸುಲ್ತಾನಾ ಬಾಗಿಲಲ್ಲೇ ನಿಂತುಬಿಟ್ಟಳು.

ಬಾಬುಸಾಬ ನಮಾಜು ಮುಗಿಸಿ, ಮಳೆಯಲ್ಲಿ ತೊಯ್ದುಕೊಂಡು ಬಂದ. ಸುಲ್ತಾನಾಳಿಗೆಂದು ಒಂದು ಹೊಸ ರೇನ್‌ಕೋಟು ತಂದಿದ್ದ. ಅದನ್ನು ನೋಡಿ ನನಗೆ ಮತ್ತೆ ಸಿಟ್ಟು ಬಂತು, ಎಲ್ಲ ತೀರ್ಮಾನ ಮಾಡಿಕೊಂಡೇ ಬಂದಿದ್ದಾನೆ ಎಂದು. "ಮೊದ್ಲ ಊಟಾ ಮಾಡ್ರಿ, ಮಾತ ಆಮ್ಯಾಲ" ಅಂದೆ.

ನಮ್ಮ ಅತ್ತೆಯ ಮನೆತನದಲ್ಲಿ ಒಂದು ಪದ್ಧತಿ ಇದೆ. ಬೇರೆಯವರು ಬಂದರೆ ಗಂಡಸರ ಊಟ ಮೊದಲು. ಆದರೆ ಮನೆಯವರೇ ಮೆಹಮಾನರಾಗಿ ಬಂದರೆ ಒಂದೇ ಪರಾತದಲ್ಲಿ ಅನ್ನ ಸುರಿದು, ಹೆಂಗಸು ಗಂಡಸು ಮಕ್ಕಳು ಎಲ್ಲರೂ ಸುತ್ತ ಕೂತು ಉಣ್ಣಬೇಕು. ಯಾರೊಬ್ಬರು ಕೂಡದಿದ್ದರೂ ಬಂದವನಿಗೆ ಅವಮಾನ. ಸುಲ್ತಾನಾ ಹುಟ್ಟಿದ ಮೇಲೆ ಹಾಗೆ ಕೂತದ್ದು ನೆನಪಿಲ್ಲ. ಅವತ್ತು ಅತ್ತೆ ತಾನೇ ಎದ್ದು ರೊಟ್ಟಿ ಹಿಟ್ಟು ನಾದುವ ದೊಡ್ಡ ಪರಾತವನ್ನು ಗೋಡೆಯಿಂದ ಇಳಿಸಿದಳು.

"ಎಲ್ಲಾರೂ ಕುಂದರ್ರಿ" ಅಂದಳು.

"ಭಾಭೀ, ನೀವೂ ಬರ್ರಿ" ಅಂದ ಬಾಬುಸಾಬ.

"ನನಗ ರೋಜಾ ಐತಿ" ಅಂದೆ.

"ಮೆಹಮಾನ ಬಂದಾಗ ಬಿಡಬೇಕು" ಅಂದಳು ಅತ್ತೆ.

"ಕಜಾ ಐತ್ರೀ ಅತ್ತೀ, ಹೆಂಗ ಬಿಡ್ಲಿ?"

"ನಿನ್ನ ಕಜಾ ಏಳ ಇದ್ವು. ಮುಗದ ಹನ್ನೆರಡ ದಿನಾತು." ಅತ್ತೆ ಇದನ್ನು ಕೂಗಿ ಹೇಳಲಿಲ್ಲ. ಉಪ್ಪು ತಾ ಅಂದಷ್ಟು ಸಹಜವಾಗಿ ಹೇಳಿದಳು. "ಕುಂದ್ರು."

ನಮ್ಮವರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ನೆಲ ನೋಡುತ್ತ ಕೂತೆ. ಪರಾತದಲ್ಲಿ ಅನ್ನ ಗುಡ್ಡದ ಹಾಗೆ ಇತ್ತು, ಹಬೆ ಏಳುತ್ತಿತ್ತು. ಬಾಬುಸಾಬ ಬಿಸ್ಮಿಲ್ಲಾ ಅಂದು ಕೈಯಿಟ್ಟ.

ಮೊದಲ ತುತ್ತನ್ನು ಎಲ್ಲರೂ ಮಾನದಿಂದಲೇ ತಿಂದೆವು. ಎರಡನೆಯದನ್ನೂ. ಮೂರನೆಯದರಿಂದ ಏನಾಯಿತೋ ಹೇಳಲು ನನಗೆ ಬರುವುದಿಲ್ಲ. ಕೈಗಳು ಹೋಗುತ್ತಿದ್ದವು, ಬರುತ್ತಿದ್ದವು. ಸುಲ್ತಾನಾ ಎರಡೂ ಕೈ ಹಾಕಿದ್ದಳು. ಹಲ್ಲಿಲ್ಲದ ಅತ್ತೆ ಅಗಿಯುವ ಗೋಜಿಗೇ ಹೋಗದೆ ನುಂಗುತ್ತಿದ್ದಳು. ದಿನಾ ಹೊರಗೆ ಉಂಡು ಬರುವ ನಮ್ಮವರು ಪರಾತದ ತಮ್ಮ ಬದಿ ಖಾಲಿಯಾದದ್ದೇ ಮಗಳ ಬದಿಗೆ ಕೈ ಚಾಚಿದರು, ಚಾಚಿದ ಕೈಯನ್ನು ತಾವೇ ನೋಡಿಕೊಂಡರು, ಆದರೂ ತೆಗೆದುಕೊಂಡರು. ನನ್ನ ಕೈಯೂ ಅಲ್ಲೇ ಇತ್ತು. ಸಾರು ಹಾಕಿಕೊಳ್ಳುವುದೂ ನೆನಪಾಗಲಿಲ್ಲ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಪರಾತದ ಹಿತ್ತಾಳೆ ತಳ ಕಂಡಿತು.

ಆಗ ನಾನು ಬಾಬುಸಾಬನನ್ನು ನೋಡಿದೆ. ಅವನ ಕೈ ಯಾವಾಗಲೋ ನಿಂತುಬಿಟ್ಟಿತ್ತು. ಬೆರಳಿಗೆ ಹತ್ತಿದ ನಾಲ್ಕು ಅಗುಳು ಹಾಗೇ ಇದ್ದವು. ಅವನು ನಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ.

"ಕೈ ತೊಳ್ಕೊಂಡ ಬರ್ತೇನಿ" ಎಂದು ಎದ್ದು ಹೊರಗೆ ಹೋದ. ನಳದ ನೀರು ಬಹಳ ಹೊತ್ತು ಬೀಳುತ್ತಲೇ ಇತ್ತು.

ನಾವು ನಾಲ್ವರೂ ಖಾಲಿ ಪರಾತದ ಸುತ್ತ ಕೂತಿದ್ದೆವು. ನಾಲ್ಕು ಗ್ಲಾಸು ಅಕ್ಕಿಯ ಅನ್ನ. ಹಾಗಾದರೆ ಒಂದು ಗ್ಲಾಸಿನಲ್ಲಿ ಉಳಿದದ್ದು ಏನು? ಸೋಮವಾರದ್ದು ಯಾರ ಪಾಲು, ಮಂಗಳವಾರದ್ದು ಯಾರದು? ನಾನು ಬರಕತ್ತು ಎಂದು ಮಂದಿಗೆ ಹೇಳಿಕೊಂಡು ಬಂದದ್ದು ನನ್ನ ಮಗಳ ಊಟವನ್ನು. ಉಳಿಯುತ್ತದೆ ಎಂದು ದಿನಾ ಕಡಿಮೆ ಹಾಕಿದವಳು ನಾನೇ. ಯಾರ ಮೇಲೆ ಸಿಟ್ಟು ಮಾಡಲಿ ಎಂದು ಹುಡುಕಿದೆ. ನಮ್ಮವರು ಎಲ್ಲಿಯೂ ಉಂಡಿರಲಿಲ್ಲ, ಅತ್ತೆಯ ಹೊಟ್ಟೆ ಉಬ್ಬರಿಸಿರಲಿಲ್ಲ. ಸುಳ್ಳು ಹೇಳಿದ್ದೀರಿ ಎಂದು ಬೈಯಲು ನನಗೆ ಯಾವ ಮುಖ ಇತ್ತು?

"ನೀ ಯಾಕ ಉಣ್ಣಲಿಲ್ಲ?" ಎಂದು ಸುಲ್ತಾನಾಳನ್ನು ಕೇಳಿದರು ನಮ್ಮವರು.

"ಮನ್ಯಾಗ ಅನ್ನಾ ಇದ್ರ ಕಳಸೂದಿಲ್ಲ ಅಂದಿದ್ರಲ್ಲ ಅಬ್ಬಾ" ಅಂದಳು ಅವಳು. "ಅದಕ್ಕ ಉಳಸ್ತಿದ್ದೆ. ದಾದೀನೂ ಉಳಸ್ತಿದ್ಲು."

ಅತ್ತೆ ಪಾತೇಲಿಯನ್ನು ತನ್ನ ಕಡೆ ಎಳೆದುಕೊಂಡಳು. ತಳಕ್ಕೆ ಹತ್ತಿದ್ದ ಅನ್ನವನ್ನು ಸಟುಗದಿಂದ ಕೆರೆದು, ಮುದ್ದೆ ಮಾಡಿ ನನ್ನ ಕೈಗೆ ಇಟ್ಟಳು. "ತಿನ್ನು. ಹತ್ತೊಂಬತ್ತ ದಿನದ ಉಪಾಸದಾಕಿ ನೀ." ಮಗಳಿಗೆ ಕೊಡಬೇಕು ಎಂದು ನನ್ನ ತಲೆ ಹೇಳಿತು. ಕೈ ಅದನ್ನು ನನ್ನ ಬಾಯಿಗೇ ಹಾಕಿತು.

ಬಾಬುಸಾಬ ಒಳಗೆ ಬಂದು ಬಾಗಿಲಲ್ಲಿ ನಿಂತ. ಅವನ ಮುಖವೂ ತೊಯ್ದಿತ್ತು. "ಅಣ್ಣಾ, ಫೋನ್ದಾಗ ಹೇಳಬಾರದಿತ್ತೇನ?" ಅಂದ. ಆಮೇಲೆ ಯಾರ ಕಡೆಯೂ ನೋಡದೆ, "ಹುಡುಗೀನ್ನ ನಾ ಎಳ್ಕೊಂಡ ಹೋಗೂದಿಲ್ಲ. ಭಾಭಿ ಹ್ಯಾಂಗ ಅಂತಾರ ಹಂಗ" ಅಂದ.

ಎಲ್ಲರೂ ನನ್ನ ಕಡೆ ತಿರುಗಿದರು. ಐದು ದಿನದಿಂದ ನಾನು ಕಾದಿದ್ದೇ ಈ ಮಾತಿಗೆ. ಒಂದು 'ಬ್ಯಾಡ' ಅಂದರೆ ಸಾಕಿತ್ತು. ನನ್ನ ಬಾಯಿ ತುಂಬ ಅನ್ನ ಇತ್ತು.

ಸುಲ್ತಾನಾ ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಅಷ್ಟು ಅವಸರದಿಂದ ಅಗಿಯುವುದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಅವಳು ಎದ್ದು ನಿಂತು ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ಚಾಚಾ, ನಾ ಬರ್ತೇನಿ" ಅಂದಳು. "ನಾ ಹೋದ್ರ ಅಮ್ಮೀಗೆ ಸಾಕಾಕ್ಕೈತಿ."

ಬಾಯಲ್ಲಿದ್ದದ್ದನ್ನು ಅಲ್ಲೇ ಉಗುಳಿ ಬೇಡ ಅನ್ನಬಹುದಿತ್ತು. ಉಗುಳಲಿಲ್ಲ. ಅನ್ನವನ್ನು ಉಗುಳುವುದು ನನ್ನಿಂದಾಗಲಿಲ್ಲ. ಅಗಿದೆ, ನುಂಗಿದೆ. ನುಂಗಿದ ಮೇಲೆ ಬಾಯಿ ಖಾಲಿ ಇತ್ತು, ಎಲ್ಲರೂ ಇನ್ನೂ ಕಾಯುತ್ತಲೇ ಇದ್ದರು. ಆಗಲಾದರೂ ಬೇಡ ಅನ್ನಬಹುದಿತ್ತು.

"ಹಗ್ಗದ ಮ್ಯಾಲ ನಿನ್ನ ಬಟ್ಟಿ ಒಣಗ್ಯಾವೇನ ನೋಡು" ಅಂದೆ.